ಉಪ್ಪಿನಕುದ್ರುವಿನ ಹಳೆ ಪತ್ರಿಕಾ ತುಣುಕುಗಳು: ಕಾಪಿಡುವುದು ಹೇಗೆ, ದಿನಾಂಕ ಪತ್ತೆ ಹೇಗೆ?

ಕುದ್ರು_ದಾಖಲೆ:
ಕುಂದಾಪುರ ತಾಲೂಕಿನ ಉಪ್ಪಿನಕುದ್ರುವಿನ (ಕುದ್ರು ಎಂದರೆ ನದಿ ನಡುವಿನ ದ್ವೀಪ) ಬಗ್ಗೆ ಬಂದ ಹಳೆ ಪತ್ರಿಕಾ ತುಣುಕುಗಳನ್ನು ಒಂದೆಡೆ ಸೇರಿಸುತ್ತಿದ್ದೇವೆ. ಎಲ್ಲವೂ ಊರಿನ ಮನೆಗಳಿಂದಲೇ ಬಂದವು. ಬಹುಪಾಲು ಯಕ್ಷಗಾನ ಗೊಂಬೆಯಾಟದ ಸುದ್ದಿ. ಉಳಿದವು ನೆರೆ, ದೋಣಿ, ಸೇತುವೆಯ ಬೇಡಿಕೆ, ಶಾಲೆ, ಗದ್ದೆಗೆ ಉಪ್ಪುನೀರು ನುಗ್ಗಿದ್ದು ಇತ್ಯಾದಿ. ಕೆಲವನ್ನು ಮೈದಾ ಅಂಟಿನಲ್ಲಿ ಆಲ್ಬಮ್ಮಿಗೆ ಅಂಟಿಸಿದ್ದಾರೆ, ಕೆಲವಕ್ಕೆ ಸೆಲೋಟೇಪ್ ಹಾಕಿದ್ದಾರೆ, ಇನ್ನು ಕೆಲವು ಗುಂಡುಸೂಜಿ ಚುಚ್ಚಿ ಮಡಚಿಟ್ಟಂತೆಯೇ ಇವೆ. ಹೆಚ್ಚಿನವುಗಳಲ್ಲಿ ಪತ್ರಿಕೆಯ ಹೆಸರಾಗಲಿ ದಿನಾಂಕವಾಗಲಿ ಇಲ್ಲ.

ಲ್ಯಾಮಿನೇಷನ್ ಮಾಡಿಸಿಬಿಡಿ ಎಂದು ಹಲವರು ಹೇಳುತ್ತಿದ್ದಾರೆ, ಅದು ಸರಿಯೇ? ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕೇ? ದಿನಾಂಕ ಇಲ್ಲದ್ದನ್ನು ಏನು ಮಾಡುವುದು? ಎಲ್ಲವನ್ನೂ ಅಂತರ್ಜಾಲಕ್ಕೆ ಹಾಕಬಹುದೇ?

ಹಳೆಕಾಗದ:
ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ ಕರಗಿದ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಪತ್ರಿಕೆಯ ಕಾಗದ ಮರವನ್ನು ಅರೆದ ತಿರುಳಿನಿಂದ ಆಗುವಂಥದ್ದು, ಅದರಲ್ಲಿ ಲಿಗ್ನಿನ್ (ಮರದ ನಾರನ್ನು ಹಿಡಿದಿಡುವ ವಸ್ತು) ಹಾಗೆಯೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಾಗ ಕಾಗದ ಹಳದಿಯಾಗುವುದು ಅದರಿಂದಲೇ. ಜೊತೆಗೆ ಹುಟ್ಟುವ ಆಮ್ಲ ನಾರನ್ನು ತುಂಡರಿಸುತ್ತದೆ. ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಬಿಟ್ಟರೆ ಆ ಆಮ್ಲವೂ ಒಳಗೇ ಉಳಿಯುತ್ತದೆ.

ಮೊದಲು ಮಾಡಬೇಕಾದದ್ದು ಕಾಗದದ ಕೆಲಸವಲ್ಲ, ಬರೆದಿಡುವ ಕೆಲಸ. ಯಾವ ಮನೆಯದು, ಯಾವ ಡಬ್ಬದ್ದು, ಯಾವುದರ ಜೊತೆ ಮಡಚಿತ್ತು ಎಂಬುದನ್ನು ಬಿಡಿಸುವ ಮೊದಲೇ ದಾಖಲಿಸಿ. ಸಂಖ್ಯೆಯನ್ನು ತುಣುಕಿನ ಮೇಲೆ ಬರೆಯಬೇಡಿ, ಲಕೋಟೆಯ ಮೇಲೆ ಮೆದು ಪೆನ್ಸಿಲಿನಲ್ಲಿ ಬರೆಯಿರಿ. ಒಂದೇ ಮಡಿಕೆಯಲ್ಲಿದ್ದ ಎರಡು ತುಣುಕುಗಳಲ್ಲಿ ಒಂದಕ್ಕೆ ದಿನಾಂಕವಿದ್ದರೆ ಇನ್ನೊಂದಕ್ಕೂ ಸುಳಿವು ಸಿಗುತ್ತದೆ. ಗಡಿಬಿಡಿಯಲ್ಲಿ ಎಲ್ಲವನ್ನೂ ವಿಷಯವಾರು ವಿಂಗಡಿಸಿದರೆ ಆ ಸುಳಿವು ಹೋಯಿತು.

ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ, ಕಾಗದವೂ ಜೊತೆಗೆ ಬರುತ್ತದೆ. ಸೂಜಿ ಮತ್ತು ಕಾಗದದ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ತುಕ್ಕಿನ ಹಿಡಿತ ಬಿಟ್ಟ ಮೇಲೆ ನಿಧಾನವಾಗಿ ಜಾರಿಸಿ. ಗಟ್ಟಿಯಾಗಿ ಅಂಟಿದ ಸೆಲೋಟೇಪಿಗೆ ಥಿನ್ನರ್, ಪೆಟ್ರೋಲ್ ಹಚ್ಚಿದರೆ ಶಾಯಿ ಹರಡುತ್ತದೆ, ಅದನ್ನು ಹಾಗೆಯೇ ಬಿಡಿ. ಆಲ್ಬಮ್ಮಿನಿಂದ ಕೀಳುವುದೂ ಬೇಡ, ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ. ಮಡಿಕೆ ಬಿಡಿಸುವಾಗ ಬಿರುಕು ಬಿಡುವ ಸೂಚನೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಬಿಡಿಸಲು ಬಂದದ್ದನ್ನು ಎರಡು ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಕೆಲವು ದಿನ ಬಿಡಿ. ಇಸ್ತ್ರಿ ಮಾಡುವುದಾಗಲಿ ಬಿಸಿಲಿಗೆ ಹಾಕುವುದಾಗಲಿ ಕೂಡದು.

ಮೈದಾ ಅಂಟು ಹುಳುಗಳಿಗೆ ಊಟ. ಜೀವಂತ ಹುಳು ಕಂಡರೆ ಆಲ್ಬಮ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ. ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಮನೆಯ ಫ್ರಿಜ್ಜಿನ ಫ್ರೀಜರ್ ಅಷ್ಟು ತಣ್ಣಗಾಗದಿದ್ದರೆ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ.

ಇಡಲು ಆಮ್ಲರಹಿತ ಕಾಗದದ ಫೋಲ್ಡರ್, ಅಥವಾ ಪಾಲಿಯೆಸ್ಟರ್ ತೊಟ್ಟೆ (ಚೀಲ) ಸಾಕು. ಪಿವಿಸಿ ತೊಟ್ಟೆ ಬೇಡ, ಕಾಲಕ್ರಮೇಣ ಅದು ಶಾಯಿಗೆ ಅಂಟಿಕೊಳ್ಳುತ್ತದೆ. ಕಪಾಟು ಗೋಡೆಗೆ ತಾಗಿರಬಾರದು. ಕುದ್ರುವಿನಲ್ಲೇ ಇಡುವುದಾದರೆ ಕಪಾಟಿನ ಕೆಳಗಿನ ಅರೆಗಳನ್ನು ಖಾಲಿ ಬಿಡಿ, ನೆರೆ ಬಂದಾಗ ಮೊದಲು ನೆನೆಯುವುದು ಅವೇ.

ಅಚ್ಚುಮೊಳೆ:
ಸ್ಕ್ಯಾನಿಂಗ್ ಬಗ್ಗೆ. ಬರೀ ಅಕ್ಷರವಿದ್ದರೆ 400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಚಿತ್ರವಿದ್ದರೆ 600. ಯಾವಾಗಲೂ 24 ಬಿಟ್ ಬಣ್ಣದಲ್ಲಿ, ಟಿಫ್ (ಗುಣಮಟ್ಟ ಕಳೆಯದ ಚಿತ್ರ ಕಡತ) ಮಾದರಿಯಲ್ಲಿ ಉಳಿಸಿ. ಓದಲು ಹಂಚುವುದಕ್ಕೆ ಅದರಿಂದ ಜೆಪೆಗ್ ಮಾಡಿಕೊಳ್ಳಿ. ಹಿಂಬದಿಯ ಅಕ್ಷರ ಮುಂದಕ್ಕೆ ಕಾಣಿಸುತ್ತಿದ್ದರೆ ತುಣುಕಿನ ಹಿಂದೆ ಕಪ್ಪು ಹಾಳೆ ಇಡಿ, ಬಹಳ ಮಟ್ಟಿಗೆ ಮಾಯವಾಗುತ್ತದೆ.

ಮೊಬೈಲಿನ ಡಾಕ್ಯುಮೆಂಟ್ ಸ್ಕ್ಯಾನರ್ ಆ್ಯಪ್‌ಗಳು ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ದಿನಾಂಕವನ್ನೂ ಕೊಳೆ ಎಂದು ಅಳಿಸಿಬಿಡುತ್ತವೆ. ಆಲ್ಬಮ್ಮಿಗೆ ಮೊಬೈಲೇ ಬೇಕಾದರೆ ಸಾಮಾನ್ಯ ಕ್ಯಾಮೆರಾ ಬಳಸಿ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ ಬೀಳಲಿ.

ಬಿಡಿ ತುಣುಕಿನ ಹಿಂಬದಿಯನ್ನು ತಪ್ಪದೆ ಸ್ಕ್ಯಾನ್ ಮಾಡಿ. ಅಲ್ಲಿನ ಅರ್ಧ ಜಾಹೀರಾತೇ ಎಷ್ಟೋ ಸಲ ದಿನಾಂಕ ಹೇಳುತ್ತದೆ.

ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರವನ್ನು ಗಣಕವೇ ಓದಿ ಪಠ್ಯವಾಗಿಸುವುದಕ್ಕೆ) ಟೆಸೆರಾಕ್ಟ್ ಎಂಬ ತಂತ್ರಾಂಶದಲ್ಲಿ ಕನ್ನಡ ಇದೆ. ಆದರೆ ಸವೆದ ಮೊಳೆಯಲ್ಲಿ ಅಚ್ಚಾದ ಒತ್ತಕ್ಷರಗಳನ್ನು ತುಂಬಾ ತಪ್ಪಾಗಿ ಓದುತ್ತದೆ. ಶೀರ್ಷಿಕೆ, ವ್ಯಕ್ತಿ ಮತ್ತು ಸ್ಥಳದ ಹೆಸರುಗಳನ್ನು ಕೈಯಲ್ಲೇ ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಉಪ್ಪಿನಕುದ್ರು, ಉಪ್ಪಿನ ಕುದ್ರು, ಉಪ್ಪಿನಕುದುರು ಎಂದು ಪತ್ರಿಕೆಗಳು ಬೇರೆ ಬೇರೆ ರೀತಿ ಬರೆದಿವೆ. ಅಚ್ಚಾದ ರೂಪ ಒಂದು ಕಾಲಮ್ಮಿನಲ್ಲಿ, ಹುಡುಕಲು ಒಂದೇ ರೂಪ ಇನ್ನೊಂದರಲ್ಲಿ ಇರಲಿ.

ಪಂಚಗಂಗಾವಳಿ:
ದಿನಾಂಕಕ್ಕೆ ಬರೋಣ. ಪತ್ರಿಕೆ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉದಯವಾಣಿ ಶುರುವಾದದ್ದು 1970ರಲ್ಲಿ, ಮುಂಗಾರು ಪತ್ರಿಕೆ 1984ರಲ್ಲಿ. ಅದಕ್ಕಿಂತ ಹಿಂದಿನದು ಆಗಲು ಸಾಧ್ಯವಿಲ್ಲ. ಪತ್ರಿಕೆ ಗೊತ್ತಿಲ್ಲದಿದ್ದರೆ ಒಳಗಿನ ಮಾತುಗಳನ್ನು ನೋಡಿ. ಕುಂದಾಪುರ ಮದ್ರಾಸ್ ರಾಜ್ಯದಲ್ಲಿದ್ದಂತೆ ಬರೆದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು. "ಮೈಸೂರು ರಾಜ್ಯ ಸರಕಾರ" ಎಂದಿದ್ದರೆ ಅಲ್ಲಿಂದ 1973ರ ಅಕ್ಟೋಬರ್‌ವರೆಗೆ. "ಕರ್ನಾಟಕ" ಎಂಬುದು ಮಾತ್ರ ಇದ್ದರೆ ನಂಬಬೇಡಿ, ರಾಜ್ಯದ ಹೆಸರು ಬದಲಾಗುವ ಮೊದಲೇ ಆ ಪದ ಪತ್ರಿಕೆಗಳಲ್ಲಿ ಬಳಕೆಯಲ್ಲಿತ್ತು. ನಯಾ ಪೈಸೆ ಕಂಡರೆ 1957ರ ಏಪ್ರಿಲ್‌ನಿಂದ 1964ರ ನಡುವಿನದು ಎನ್ನಬಹುದು. ಆಣೆ ಮಾತ್ರ ಮೋಸ ಮಾಡುತ್ತದೆ. ಜನ ಆಮೇಲೂ ನಾಲ್ಕಾಣೆ, ಎಂಟಾಣೆ ಎಂದೇ ಹೇಳುತ್ತಿದ್ದರು. ಜಾಹೀರಾತಿನಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರ. ಮಂಡಲ ಪಂಚಾಯತ್ (ಕೆಲವು ಹಳ್ಳಿಗಳಿಗೆ ಸೇರಿ ಇದ್ದ ಆಡಳಿತ ಘಟಕ), ಮಂಡಲ ಪ್ರಧಾನ ಎಂದಿದ್ದರೆ 1987ರಿಂದ 1990ರ ದಶಕದ ಆರಂಭದವರೆಗೆ. ಉಡುಪಿ ಜಿಲ್ಲೆ ಎಂದಿದ್ದರೆ 1997ರ ಆಗಸ್ಟ್ ನಂತರ. ಗೊಂಬೆಯಾಟದ ಸುದ್ದಿಯಲ್ಲಿ ಗೊಂಬೆಯಾಟದ ಕಲಾವಿದ ಕೊಗ್ಗ ಕಾಮತರನ್ನು ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದವರು ಎಂದು ಕರೆದಿದ್ದರೆ 1980 ಅಥವಾ ಆಮೇಲಿನದು.

ಸುದ್ದಿಯ ಆರಂಭದ "ಕುಂದಾಪುರ, ಜು. 14" ಎಂಬುದು ಬಾತ್ಮೀದಾರರು ಸುದ್ದಿ ಬರೆದ ದಿನ, ಪ್ರಕಟವಾದ ದಿನವಲ್ಲ. ಮಳೆಗಾಲದ ಅಂಚೆಯಲ್ಲಿ ಹೋದ ಸುದ್ದಿ ದಿನಗಟ್ಟಲೆ ತಡವಾಗಿ ಬಂದಿರಬಹುದು. ಎರಡಕ್ಕೂ ಬೇರೆ ಕಾಲಮ್ ಇಡಿ. ಅಂದಾಜಿನ ವರ್ಷವನ್ನು "1987–1992 ನಡುವೆ, ಆಧಾರ: ಮಂಡಲ ಪಂಚಾಯತ್" ಎಂದು ಆಧಾರಸಹಿತ ಬರೆಯಿರಿ. ಆಧಾರವಿಲ್ಲದ ವರ್ಷ ಒಮ್ಮೆ ಪಟ್ಟಿಗೆ ಸೇರಿದರೆ ಮುಂದಿನವರು ಅದನ್ನೇ ಸತ್ಯವೆಂದು ಉಲ್ಲೇಖಿಸುತ್ತಾರೆ.

ಕುದ್ರು_ದಾಖಲೆ:
ತುಂಬಾ ಉಪಕಾರ. ಒಂದು ತುಣುಕಿನಲ್ಲಿ "ಆ. 4ರ ಭಾನುವಾರ ಸಭೆ" ಎಂದಿದೆ, ಮಂಡಲ ಪಂಚಾಯತಿಗೆ ಮನವಿ ಕೊಟ್ಟದ್ದೂ ಇದೆ. ವರ್ಷ ಇಲ್ಲ.

ಪಂಚಗಂಗಾವಳಿ:
ಹಾಗಾದರೆ ಅದು ಸಿಕ್ಕಿದಂತೆಯೇ. ಆಗಸ್ಟ್ 4 ಭಾನುವಾರ ಬಂದದ್ದು 1968, 1974, 1985, 1991ರಲ್ಲಿ. ಮಂಡಲ ಪಂಚಾಯತ್ ಇದ್ದದ್ದರಿಂದ 1991. ವಾರ ಮತ್ತು ತಾರೀಕು ಎರಡೂ ಇದ್ದರೆ ಯಾವಾಗಲೂ ಹೀಗೆ ಲೆಕ್ಕ ಹಾಕಿ. ಸಂವತ್ಸರದ ಹೆಸರಿದ್ದರೆ ಇನ್ನೂ ಸುಲಭ, 60 ವರ್ಷಕ್ಕೊಮ್ಮೆ ಮಾತ್ರ ತಿರುಗಿ ಬರುತ್ತದೆ. ಪರಿಧಾವಿ ಎಂದರೆ 1972–73. ಆಮೇಲೆ ಆ ವಾರದ ಮೂಲ ಸಂಚಿಕೆಯಲ್ಲಿ ಹುಡುಕಿ ಪುಟಸಂಖ್ಯೆ ಸೇರಿಸಿದರೆ ದಾಖಲೆ ಪೂರ್ಣ.

ಕಡತದವರು:
ಮೂಲ ಸಂಚಿಕೆ ಹುಡುಕಲು ಮೊದಲು ಪತ್ರಿಕೆಯ ಕಚೇರಿಯಲ್ಲೇ ಕೇಳಿ. 1954ರ ಗ್ರಂಥ ಸಲ್ಲಿಕೆ ಕಾಯ್ದೆ (ಪ್ರಕಟಣೆಯ ಪ್ರತಿಯನ್ನು ನಿಗದಿತ ಗ್ರಂಥಾಲಯಗಳಿಗೆ ಕಳಿಸಬೇಕೆಂಬುದು) 1956ರಿಂದ ಪತ್ರಿಕೆಗಳಿಗೂ ಅನ್ವಯಿಸುವುದರಿಂದ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮಾರಾ ಗ್ರಂಥಾಲಯಗಳಲ್ಲೂ ವಿಚಾರಿಸಬಹುದು. ಬ್ರಿಟಿಷ್ ಕಾಲಕ್ಕೆ ಮದ್ರಾಸ್ ಸರಕಾರದ ದೇಶೀ ಪತ್ರಿಕೆಗಳ ವರದಿಗಳನ್ನೂ ನೋಡಿ, ದಕ್ಷಿಣ ಕನ್ನಡದ ಕನ್ನಡ ಪತ್ರಿಕೆಗಳ ಸಾರವನ್ನು ಅವುಗಳಲ್ಲಿ ಇಂಗ್ಲಿಷಿನಲ್ಲಿ ಕೊಟ್ಟಿರುತ್ತಾರೆ.

ಹಕ್ಕುಸ್ವಾಮ್ಯ: ಹೆಸರಿಲ್ಲದ ವರದಿಗೆ ಮತ್ತು ತೆಗೆದವರ ಹೆಸರಿಲ್ಲದ ಫೋಟೊಗೆ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಹೆಸರಿರುವ ಲೇಖನಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಅವಧಿ ಮುಗಿಯದ್ದಕ್ಕೆ ಪತ್ರಿಕೆಯ ಲಿಖಿತ ಅನುಮತಿ ಪಡೆಯಿರಿ. ಅಲ್ಲಿಯವರೆಗೆ ಶೀರ್ಷಿಕೆ, ದಿನಾಂಕ, ಪುಟ, ನಿಮ್ಮದೇ ಮಾತಿನ ಎರಡು ಸಾಲಿನ ಸಾರವನ್ನು ಹಾಕಬಹುದು.

ಅವಧಿ ಮುಗಿದದ್ದೆಲ್ಲವನ್ನೂ ಹಾಕಬೇಕೆಂದೂ ಇಲ್ಲ. ಆತ್ಮಹತ್ಯೆ, ಪೊಲೀಸ್ ಕೇಸು, ಜಾಗದ ತಕರಾರು, ಇವುಗಳಲ್ಲಿ ಹೆಸರು ಅಚ್ಚಾಗಿರುತ್ತದೆ. ಸಣ್ಣ ಕುದ್ರುವಿನಲ್ಲಿ ಹೆಸರು ಓದಿದರೆ ಮನೆಯೇ ಗೊತ್ತಾಗುತ್ತದೆ. ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಮನೆಯವರನ್ನು ಕೇಳದೆ ಪ್ರಕಟಿಸಬೇಡಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಪತ್ರಿಕೆಯವರು ಕುದ್ರುವಿಗೆ ಬಂದದ್ದು ಗೊಂಬೆಯಾಟಕ್ಕೆ, ಇಲ್ಲವೇ ನೆರೆಗೆ. ದೋಣಿ ನಡೆಸಿದವರು, ಚಿಪ್ಪು ಹೆಕ್ಕಿದ ಹೆಂಗಸರು, ಗದ್ದೆಗೆ ದಂಡೆ ಕಟ್ಟಿದವರು ತುಣುಕುಗಳಲ್ಲಿ ಕಾಣುವುದು ಅಪರೂಪ. ಪ್ರತಿ ತುಣುಕಿನ ಓದುವ ಪ್ರತಿಯನ್ನು ಹಿರಿಯರ ಮುಂದಿಟ್ಟು, ಇದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ, ಚಿತ್ರದಲ್ಲಿ ಹಿಂದೆ ನಿಂತವರು ಯಾರು ಎಂದು ಕೇಳಿ. ಅವರ ಒಪ್ಪಿಗೆಯಿಂದ ಧ್ವನಿಮುದ್ರಿಸಿ, ಅದೇ ತುಣುಕಿನ ಸಂಖ್ಯೆಯನ್ನು ಆ ಕಡತಕ್ಕೂ ಕೊಡಿ. ಸ್ಕ್ಯಾನಿಂಗ್ ಪೂರ್ತಿ ಮುಗಿಯುವವರೆಗೆ ಇದಕ್ಕೆ ಕಾಯಬೇಡಿ. ಕಾಗದ ಇನ್ನೊಂದು ಮಳೆಗಾಲ ತಡೆದೀತು, ಎಂಬತ್ತು ದಾಟಿದವರ ಮನೆಗೆ ಮೊದಲು ಹೋಗಿ.