ಅಪ್‌ಡೇಟ್: ಹಿತ್ತಲಲ್ಲಿ ಸಿಕ್ಕ ಗಡ್ಡೆ ಯಾವುದೆಂದು ಗೊತ್ತಾಯಿತು

ಶಿರಸಿಯ ನಮ್ಮ ಹಿತ್ತಲಲ್ಲಿ ಬಸಳೆಗೆ ಗುಂಡಿ ತೋಡುವಾಗ ಸಿಕ್ಕ, ವಿ ಅಕ್ಷರದ ಹಾಗೆ ಕವಲೊಡೆದ ಗಡ್ಡೆಗಳು ಯಾವುವು ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಕಾಡುಗೆಣಸು, ಬೇಯಿಸಿ ತಿನ್ನಿ ಅಂದವರೂ ಇದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ!

ಒಂದನ್ನು ಬೇಲಿ ಪಕ್ಕ ನೆಟ್ಟಿದ್ದೆ. ಮಳೆ ಹಿಡಿದ ಮೇಲೆ ಚಿಗುರಿತು. ಎಲೆಯ ತುದಿಯೇ ಸುರುಳಿಯಾಗಿ ಬೇಲಿ ಹಿಡಿದಾಗ ಅತ್ತೆ ಗುರುತಿಸಿದರು. ಈಗ ಹೂವೂ ಬಿಟ್ಟಿದೆ. ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು, ಅಲೆಯಲೆಯಾದ ಎಸಳುಗಳು ಮೇಲಕ್ಕೆ ಮಡಚಿವೆ. ಗೌರಿ ಹೂವೇ, ಅನುಮಾನವಿಲ್ಲ. ಚೌತಿಯ ಹೊತ್ತಿಗೆ ಬೇಲಿ ತುಂಬ ಕಾಣುತ್ತದಲ್ಲ, ಅದೇ.

ಇಡೀ ಗಿಡದಲ್ಲಿ ಕೋಲ್ಚಿಸಿನ್ ಎಂಬ ವಿಷವಿದೆ, ಗಡ್ಡೆಯಲ್ಲಂತೂ ಜಾಸ್ತಿ. ಬೇಯಿಸಿದರೂ ಹೋಗುವುದಿಲ್ಲ. ಹೂ ಬರುವವರೆಗೆ ಕಾಯಿರಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಆ ಕಡೆ ಮಕ್ಕಳು, ದನ ಹೋಗುವುದಿಲ್ಲ, ಹಾಗಾಗಿ ಬಳ್ಳಿಯನ್ನು ಕೀಳುವುದಿಲ್ಲ.