ಪದಚರ್ಚೆ: ಎಲೆಯೂ ಅಲುಗದ ಗಾಳಿಯನ್ನು ಅಳೆಯುವ ಸಾಧನಕ್ಕೆ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ನಿಲ್ಲಿಸುವ ಗಾಳಿಮಾಪಕವೊಂದಕ್ಕೆ ಕನ್ನಡ ಕೈಪಿಡಿ ಬೇಕಾಗಿದೆ. ಕೆಳಗೆ ತೋಟ, ಸುತ್ತ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡುಗುಡ್ಡ). ಮಳೆ ನಿಂತ ಮೇಲೂ ಗೊನೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಅನ್ನುವುದು ಕೊಳೆರೋಗದ ಲೆಕ್ಕಕ್ಕೆ ಬೇಕು. ಒದ್ದೆ ಆರಬೇಕಾದರೆ ಗಾಳಿ ಬೇಕು. ಅಳೆಯಬೇಕಾದದ್ದು ಸೆಕೆಂಡಿಗೆ 5ರಿಂದ 30 ಸೆಂ.ಮೀ. ಸಾಗುವ ಗಾಳಿ. ಗಾಳಿಯ ಬಿರುಸನ್ನು ಅಂಕಿಯಲ್ಲಿ ಹೇಳುವ ಬೋಫರ್ಟ್ ಮಾನದಲ್ಲಿ 30 ಸೆಂ.ಮೀ.ಗಿಂತ ಕೆಳಗಿನದೆಲ್ಲ ಸೊನ್ನೆಯೇ, ಹೊಗೆ ನೆಟ್ಟಗೆ ಮೇಲೇರುವ ಸ್ಥಿತಿ.

ಇದಕ್ಕೆ ಹೆಸರೇನು? ‘ಮಂದಮಾರುತ’ ಎಂದರೆ ತಂಪೂ ಕಂಪೂ ಜೊತೆಗೇ ಬಂದುಬಿಡುತ್ತವೆ. ‘ಅನಿಲವೇಗ’ ಸಂಸ್ಕೃತದಲ್ಲಿ ಸರಿ, ಆದರೆ ಇವತ್ತು ಅನಿಲ ಎಂದರೆ ಸಿಲಿಂಡರ್. ‘ಸೂಕ್ಷ್ಮ ಮಾರುತಮಾಪಕ’ದಲ್ಲಿ ಸೂಕ್ಷ್ಮವಾದದ್ದು ಮಾರುತವೋ ಮಾಪಕವೋ? ಹಳೆಯ ‘ಎಲರು’ ಚೆಂದದ ಪದ. ಕೈಪಿಡಿ ಓದುವವರಿಗೆ ಅದಕ್ಕೇ ಇನ್ನೊಂದು ಟಿಪ್ಪಣಿ ಬೇಕಾದೀತು. ನನಗೆ ಒಗ್ಗುವುದು ‘ಗಾಳಿಯಾಟ’. ಗಾಳಿಯಾಡುವ ಕೋಣೆ, ಗಾಳಿಯಾಡದ ಡಬ್ಬಿ ಎಂದು ದಿನವೂ ಅನ್ನುತ್ತೇವೆ. ಬೀಸುವುದು ಬೇರೆ, ಆಡುವುದು ಬೇರೆ.

ಇನ್ನೆರಡು ಪದ ಬೇಕು. ಬಟ್ಟಲು ತಿರುಗುವ ಮಾಪಕ ಬೇರಿಂಗಿನ ತಿಕ್ಕಾಟದಿಂದಾಗಿ ಅರ್ಧ ಮೀಟರ್ ವೇಗದವರೆಗೂ ಕದಲದೆ ಇರಬಹುದು. ಆ ಗಡಿಗೆ ‘ಹೊಸ್ತಿಲುವೇಗ’ ಅನ್ನೋಣವೇ, ‘ಕದಲುವೇಗ’ವೇ? ನಮ್ಮದರಲ್ಲಿ ತಿರುಗುವ ಭಾಗವಿಲ್ಲ. ಎರಡು ಥರ್ಮಿಸ್ಟರ್ ಮಣಿ (ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟ್ಟ ಬಿಡಿಭಾಗ): ಒಂದು ಸುತ್ತಲ ಗಾಳಿಯ ಬಿಸಿ ನೋಡುತ್ತದೆ, ಇನ್ನೊಂದನ್ನು ಅದಕ್ಕಿಂತ 20 ಡಿಗ್ರಿ ಮೇಲಿರುವಂತೆ ಕಾಯಿಸುತ್ತೇವೆ. ಗಾಳಿ ಹೆಚ್ಚಿದಷ್ಟೂ ಕಾಯಿಸಲು ಹೆಚ್ಚು ವಿದ್ಯುತ್ ಬೇಕು, ಅದೇ ಅಳತೆ. ತೊಡಕೆಂದರೆ, ಬಿಸಿ ಮಣಿಯ ಮೇಲೆ ತಾನಾಗಿಯೇ ಗಾಳಿ ಏಳುತ್ತದೆ. 10 ಸೆಂ.ಮೀ.ಗಿಂತ ಕೆಳಗೆ ಹೊರಗಿನ ಗಾಳಿ ಯಾವುದು, ಮಣಿ ಎಬ್ಬಿಸಿದ್ದು ಯಾವುದು ಎಂದು ಬಿಡಿಸುವುದೇ ಕಷ್ಟ. ಬಿಸಿ ತಗ್ಗಿಸಿದರೆ ಇದು ತಗ್ಗುತ್ತದೆ, ಸಂವೇದನೆಯೂ ತಗ್ಗುತ್ತದೆ. ಇದಕ್ಕೆ ‘ತನ್ನೇರು’ ಎಂದು ಬರೆದಿಟ್ಟಿದ್ದೇನೆ. ನಡೆದೀತೇ?

ಕಾರವಾರದಿಂದ ಉತ್ತರ

‘ಗಾಳಿಯಾಟ’ಕ್ಕೆ ನನ್ನದೂ ಹೂಂ, ಆದರೆ ಮಣಿಯ ಮಾಪಕಕ್ಕೆ ಮಾತ್ರ. ಗಾಳಿ ಯಾವ ಕಡೆಯಿಂದ ಬಂದರೂ ಮಣಿ ತಣಿಯುತ್ತದೆ. 10 ಸೆಂ.ಮೀ. ವೇಗದಲ್ಲಿ ಅತ್ತ ಹೋಗಿ ಇತ್ತ ಬಂದರೂ ಸರಾಸರಿ 10 ಎಂದೇ ತೋರಿಸುತ್ತದೆ. ಅದು ಆಟದ ಅಳತೆ, ಗೊನೆ ಆರುವುದಕ್ಕೆ ಬೇಕಾದದ್ದೂ ಅದೇ. ಕಿವಿಗೆ ಕೇಳದ ಸದ್ದನ್ನು ಅತ್ತಿತ್ತ ಕಳಿಸಿ ಅದು ತಲುಪುವ ಹೊತ್ತು ನೋಡುವ ಶ್ರವಣಾತೀತ ಮಾಪಕ ದಿಕ್ಕನ್ನೂ ಹಿಡಿಯುವುದರಿಂದ ಅದರಲ್ಲಿ ಸರಾಸರಿ ಸೊನ್ನೆ ಬರುತ್ತದೆ; ಅಲ್ಲಿ ‘ಹರಿವು’ ಅನ್ನಿ. ಅದನ್ನು ಕೈಯಾರೆ ಕಟ್ಟುವವರಿಗೆ ಒಂದು ಲೆಕ್ಕ: 20 ಸೆಂ.ಮೀ. ದೂರಕ್ಕೆ, 10 ಸೆಂ.ಮೀ. ವೇಗದ ಗಾಳಿಯಲ್ಲಿ, ಹೋಗುವ ಸದ್ದಿಗೂ ಬರುವ ಸದ್ದಿಗೂ ವ್ಯತ್ಯಾಸ ಮೈಕ್ರೊಸೆಕೆಂಡಿನ ಮೂರನೇ ಒಂದು ಪಾಲು. 40 ಕಿಲೋಹರ್ಟ್ಸ್ ಸದ್ದಿನ ಒಂದು ಅಲೆಯೇ 25 ಮೈಕ್ರೊಸೆಕೆಂಡ್. ಅಲೆ ಎಣಿಸಿ ಪ್ರಯೋಜನವಿಲ್ಲ, ಹಂತವ್ಯತ್ಯಾಸ (ಒಂದು ಅಲೆಯೊಳಗೇ ಎಷ್ಟು ಸರಿದಿದೆ ಎಂಬುದು) ನೋಡಿ ನೂರಾರು ಸಲದ ಸರಾಸರಿ ತೆಗೆಯಬೇಕು.

‘ತನ್ನೇರು’ ಬಿಡಿಯಾಗಿ ನಿಂತರೆ ಅರ್ಥವಾಗದು. ‘ತನ್ನ ಬಿಸಿಯ ಗಾಳಿ’ ಎಂದು ಬಿಡಿಸಿಯೇ ಬರೆಯಿರಿ, ಉದ್ದವಾದರೂ ಆಗಲಿ. ಕೈಪಿಡಿಯಲ್ಲಿ ಎರಡು ಎಚ್ಚರಿಕೆಯೂ ಇರಲಿ. ಮಣಿಯ ಮೇಲೆ ಒಂದು ಮಳೆಹನಿ ಕೂತರೆ ಅಂಕಿ ಬಿರುಗಾಳಿಯದ್ದು ಬರುತ್ತದೆ, ಹಾಗಾಗಿ ಮೇಲೆ ಬಿಳಿಯ ಇಮ್ಮಡಿ ತಟ್ಟೆ ಬೇಕು. ಒಂದೇ ತಟ್ಟೆಯಾದರೆ ಬಿಸಿಲಿಗೆ ಕಾದು ತಾನೇ ಗಾಳಿ ಎಬ್ಬಿಸುತ್ತದೆ. ಹುಳಕ್ಕೆಂದು ಸೊಳ್ಳೆಪರದೆ ಸುತ್ತಬೇಡಿ, ಇಷ್ಟು ನಿಧಾನದ ಗಾಳಿಯನ್ನು ಅದು ಬಹಳಷ್ಟು ತಡೆದುಬಿಡುತ್ತದೆ. ಜೇಡರ ಬಲೆ ತೆಗೆಯಲು ವಾರಕ್ಕೊಮ್ಮೆ ಕುಂಚ ಆಡಿಸಿದರಾಯಿತು.

‘ಕದಲುವೇಗ’ ಬಟ್ಟಲಿಗೆ ಒಪ್ಪುತ್ತದೆ. ಮಣಿ ಕದಲುವುದೇ ಇಲ್ಲವಲ್ಲ, ಅದಕ್ಕೆ ‘ಕೆಳಮಿತಿ’ ಸಾಕು.