ಸಹಾಯ ಬೇಕು: ನಿದ್ದೆ-ಗಾಬರಿ ಮಾತ್ರೆ ನಿಧಾನಕ್ಕೆ ಬಿಡುತ್ತಿರುವವರು ಹಾಸನದಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಅಪ್ಪ ತೀರಿಕೊಂಡ ವರ್ಷ ಎದೆ ಬಡಿತ, ಗಾಬರಿ ಶುರುವಾಗಿ ಡಾಕ್ಟರ್ ಕ್ಲೋನಾಜೆಪಾಮ್ ಅನ್ನುವ ಗಾಬರಿ ತಗ್ಗಿಸುವ ಮಾತ್ರೆ 0.5 ಮಿಲಿಗ್ರಾಂ ಬರೆದುಕೊಟ್ಟರು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೇ ಏಳು ವರ್ಷ ಆಯಿತು.

ಹೋದ ವರ್ಷ ಯಾರನ್ನೂ ಕೇಳದೆ ಒಂದೇ ಸಲ ನಿಲ್ಲಿಸಿಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿಯಲು ಆಗಲಿಲ್ಲ, ಅಷ್ಟು ಕೈ ನಡುಕ. ಅರ್ಧ ಕಾಫಿ ಸೀರೆ ಮೇಲೆ. ಫ್ರಿಜ್ಜಿನ ಸದ್ದೂ ತಲೆಗೆ ಬಡಿದ ಹಾಗೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.

ಈಗ ಬೇರೆ ಮನೋವೈದ್ಯರಿಗೆ ತೋರಿಸುತ್ತಿದ್ದೇನೆ. ಕೆಲವು ವಾರಕ್ಕೊಮ್ಮೆ ಚೂರು ಚೂರೇ ಇಳಿಸಿ 0.25ಕ್ಕೆ ಬಂದಿದ್ದೇನೆ. ಕಷ್ಟ ಆದರೆ ಅದೇ ಡೋಸಿನಲ್ಲಿ ನಿಲ್ಲಿ, ಅವಸರ ಬೇಡ ಅಂದಿದ್ದಾರೆ.

ಮಾತ್ರೆ ಲೆಕ್ಕ ಡಾಕ್ಟರ್ ನೋಡಿಕೊಳ್ಳುತ್ತಾರೆ. ನನಗೆ ಬೇಕಿರುವುದು ಈ ದಾರಿಯಲ್ಲಿ ನಡೆದವರು. ಮನೆಯವರು ಒಳ್ಳೆಯವರೇ, ಆದರೆ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಆ ಮಾತು ಕೈ ಹಿಡಿಯಲ್ಲ, ಅಲ್ವಾ? ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ನಿಮಗೂ ಬೇಕಾಗಬಹುದು, ಬರೆದಿಟ್ಟುಕೊಳ್ಳಿ.

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಮೂರ್ನಾಲ್ಕು ಜನ ಸಿಕ್ಕರೂ ಸಾಕು, ಭಾನುವಾರ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ಕೂತು ಮಾತಾಡೋಣ. ಹೆಸರು ಹೇಳಲೇಬೇಕು ಅಂತಿಲ್ಲ. ಕೊನೆಯ ಚೂರು ಬಿಡುವಾಗ ನಿದ್ದೆ ಹೇಗೆ ಸಂಭಾಳಿಸಿದಿರಿ ಅನ್ನುವುದನ್ನು ಮೊದಲು ಕೇಳಬೇಕಿದೆ.